ದೊಡ್ಡಮ್ಮ ಬಿಟ್ಟ ಮಾತು

ಜೂನ್ 9

ಅಮ್ಮ ಹೋದ ಮೇಲೆ ಇವತ್ತು ಮೊದಲ ಸಲ ಅವಳ ಸಾಗೊ ಮರದ ಹಿಟ್ಟು ಸೋಸುವ ಜರಡಿಯನ್ನು ಕೈಗೆ ತೆಗೆದುಕೊಂಡೆ. ಮತ್ತೆ ಅಲ್ಲೇ ಸಿಕ್ಕಿಸಿದೆ.

ಸತ್ತವರ ನೆನಪಿಗೆ ಏನಾದರೊಂದನ್ನು ಬಿಡುವುದು ನಮ್ಮ ಕಟ್ಟಳೆ. ಅಪ್ಪ ಅಡಿಕೆ ಬಿಟ್ಟಿದ್ದಾನೆ. ನಾನು ಬಾಳೆಹಣ್ಣು ಬಿಟ್ಟಿದ್ದೇನೆ, ಅದು ಅಮ್ಮನಿಗೆ ಇಷ್ಟವಿತ್ತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ ಕರೋಮಾ, ಹೊಗೆ ಹಾಕಿದ ಹಾವುಮೀನು ಬಿಟ್ಟಿದ್ದಾಳೆ ಎಂದು ಊರಲ್ಲಿ ಹೇಳುತ್ತಾರೆ. ಹೋದವಳ ರಕ್ತದವರು ತಮ್ಮ ಕೈಯಾರೆ ಬಾಯಿಗೆ ಇಡುವ ತನಕ ನಾವು ಯಾರೂ ಬಿಟ್ಟದ್ದನ್ನು ಮುಟ್ಟುವ ಹಾಗಿಲ್ಲ. ಅಮ್ಮನ ರಕ್ತ ಎಂದರೆ ಈಗ ದೊಡ್ಡಮ್ಮ ಮತ್ತು ನಾನು. ಅಷ್ಟೇ.

ಅಪ್ಪ ನನ್ನನ್ನು ಕೇಳುವುದಿಲ್ಲ. ನಾನೂ ಇಡುವುದಿಲ್ಲ.

ಮಿಷನ್ ಶಾಲೆ ಬಿಟ್ಟ ಮೇಲೆ ಇಷ್ಟು ಬರೆದದ್ದು ಇದೇ ಮೊದಲು. ಬಾಯಿಗೆ ಬಾರದ್ದು ಪೆನ್ಸಿಲಿಗೆ ಬರುತ್ತದೆಯೇ ನೋಡೋಣ.

ಜೂನ್ 13

ಮೋಟರ್ ದೋಣಿಯಲ್ಲಿ ಒಬ್ಬರು ಮಿಸ್ ಬಂದರು. ಹೆಸರು ವಾಬಿ. ರಾಜಧಾನಿ ಪೋರ್ಟ್ ಮೊರೆಸ್ಬಿಯ ದೊಡ್ಡ ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ. ಹುಟ್ಟಿದ್ದು ಬೆಟ್ಟದ ಸೀಮೆಯಲ್ಲಿ, ಈಜು ಬರುವುದಿಲ್ಲ. ದೋಣಿಯ ಎರಡೂ ಅಂಚು ಹಿಡಿದು, ಕಣ್ಣು ಮುಚ್ಚಿಕೊಂಡೇ ನಮ್ಮ ಮೊರಾಪ್ ಊರಿಗೆ ಬಂದು ತಲುಪಿದರು. ದಡದಲ್ಲಿದ್ದವರೆಲ್ಲ ನಕ್ಕರು.

"ನಗಿ, ನಗಿ," ಅಂದರು ಮಿಸ್, ನಾಡಿಗೆಲ್ಲ ಬರುವ ಪಿಸಿನ್ ಮಾತಿನಲ್ಲಿ. "ನೀವು ನಮ್ಮ ಬೆಟ್ಟಕ್ಕೆ ಬನ್ನಿ. ಚಳಿಗೆ ನಿಮ್ಮ ಹಲ್ಲು ಕಟಕಟ ಅನ್ನುವಾಗ ನಾನೂ ಹೀಗೇ ನಗ್ತೀನಿ."

ಊರಿನ ಕೌನ್ಸಿಲರ್ ಗಾಬ್ರಿಯೆಲ್ ಮಾಮ ಶರ್ಟು ಹಾಕಿಕೊಂಡು ಬಂದ. ಮಿಸ್ ತಾವು ಬಂದ ಕಾರಣ ಹೇಳಿದರು. ಈ ನದಿಯ ನಾಲ್ಕು ಊರಿನ ಮಾತುಗಳು ಒಂದೇ ಕುಟುಂಬದವು ಇದ್ದ ಹಾಗಿವೆ. ಯಾರಿಗೆ ಯಾರು ಏನಾಗಬೇಕು ಎಂದು ತಿಳಿಯಬೇಕು.

"ಅದಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ ಮೇಡಂ? ನನ್ನ ಕೇಳಿದ್ರೆ ಹೇಳ್ತಿದ್ದೆ. ಮೊರಾಪ್ ಅಣ್ಣ. ಕೆಳಗಿನ ಸೆಂಬೊ, ಕೆರೆಯ ಕಡೆಯ ಯಾವಿಟ್, ಇವರೆಲ್ಲ ತಮ್ಮಂದಿರು. ಅದಕ್ಕೇ ಇನ್ನೂ ತೊದಲ್ತಾರೆ."

"ಮತ್ತೆ ಮೇಲಿನ ಅಂಗೋಯ್?"

ಗಾಬ್ರಿಯೆಲ್ ಮಾಮ ತಲೆ ಕೆರೆದುಕೊಂಡ. ಅಂಗೋಯ್‌ನಲ್ಲಿ ಈಗ ಮನೆಯ ಕಂಬಗಳು ಮಾತ್ರ ನಿಂತಿವೆ. ಕಾಯಿಲೆ ಬಂದು ಊರು ಖಾಲಿಯಾದಾಗ ದೊಡ್ಡಮ್ಮ ಮತ್ತು ಅಮ್ಮ ಇಲ್ಲಿಗೆ ಮದುವೆಯಾಗಿ ಬಂದವರು. ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ಅವಳು ನದಿ ನೋಡುತ್ತಿದ್ದಳು.

ಅಪ್ಪ ಚರ್ಚಿನ ಕೆಲಸದವನಾದ್ದರಿಂದ ಮಿಸ್ ನಮ್ಮ ಮನೆಯಲ್ಲೇ ಇಳಿದರು. ಅಮ್ಮನ ಮೂಲೆಯಲ್ಲಿ ಸೊಳ್ಳೆ ಪರದೆ ಕಟ್ಟಿದರು. ನಾನು ನೀರಿಗೆ ಹೋದೆ.

ಜೂನ್ 17

ಮಿಸ್ ನನ್ನನ್ನು ನೊಣಕ್ಕೆ ಏನನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಗಟ್ಟಿಯಾಗಿ ಅಂದರು. ಮತ್ತೆ ನೀರಿಗೆ ಹೋದೆ. ಕೊಡ ತುಂಬಿಯೇ ಇತ್ತು.

ಜೂನ್ 20

ಇವತ್ತು ನಮ್ಮ ಮನೆಯ ಕೆಳಗೆ, ಕಂಬಗಳ ನಡುವೆ, ಗಂಡಸರೆಲ್ಲ ಸೇರಿದ್ದರು. ಮಿಸ್ ಒಂದೊಂದೇ ವಸ್ತು ತೋರಿಸಿ ಕೇಳುತ್ತಾರೆ, ಅವರ ಸಣ್ಣ ರೆಕಾರ್ಡರ್ ಪೆಟ್ಟಿಗೆ ಮಾತು ನುಂಗುತ್ತದೆ. ಸೆಂಬೊದಿಂದ ಬಂದ ಒಬ್ಬ ಅಳಿಯನೂ ಇದ್ದ. ನೀರಿಗೆ ನಾವು ಕಮ್ ಅಂದರೆ ಅವನು ಹಮ್ ಅಂದ. ಬೆಂಕಿಗೆ ನಾವು ಕಿಪ್, ಅವನು ಹಿಪ್.

"ನೋಡಿದ್ರಾ ಮೇಡಂ, ಬೆಟ್ಟ ಹತ್ತಿ ಬಂದವನ ಹಾಗೆ ಏದುಸಿರು ಬಿಡ್ತಾನೆ," ಅಂದ ಗಾಬ್ರಿಯೆಲ್ ಮಾಮ.

"ನಿಮ್ಮವರ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆ, ಅದಕ್ಕೇ ಕ ಕ ಅಂತೀರಿ," ಅಂದ ಅಳಿಯ.

"ಅಳಿಯನಾಗಿ ಮಾವನ ಊರಲ್ಲಿ ಇಷ್ಟು ಬಾಯಾ?"

"ಮಾವನಿಗೆ ಅಂದಿದ್ದಲ್ಲ, ಮಾವನ ಗಂಟಲಿಗೆ ಅಂದಿದ್ದು."

ಆಮೇಲೆ ಯಾರು ಹಿರಿಯರು ಎಂಬ ಜಗಳ ಶುರುವಾಯಿತು. ಹಿರಿಯ ಊರಿಗೆ ಹಬ್ಬದಲ್ಲಿ ಹಂದಿಯ ತಲೆ ಸಲ್ಲಬೇಕು. ಮೊದಲಿನಿಂದ ನಾವೇ ತಿಂದುಕೊಂಡು ಬಂದಿದ್ದೇವೆ. ಮಿಸ್ ಏನು ಹೇಳಿಬಿಡುತ್ತಾರೋ ಎಂದು ಗಾಬ್ರಿಯೆಲ್ ಮಾಮನಿಗೆ ಒಳಗೇ ಅಳುಕು. ಹೋಗುವಾಗ ಮಿಸ್‌ಗೆ ಒಂದು ದೊಡ್ಡ ಗೊನೆ ಬಾಳೆಹಣ್ಣು ಕೊಟ್ಟ. ಅದು ಈಗ ನನ್ನ ತಲೆಯ ಮೇಲೆಯೇ ತೂಗುತ್ತಿದೆ. ವಾಸನೆ.

ಜೂನ್ 24

ದೊಡ್ಡಮ್ಮನಿಗೆ ಮಿಸ್ ಕಂಡರೆ ಆಗದು ಅಂತೇನಿಲ್ಲ. 'ಬೆಟ್ಟದ ಮಗಳು' ಎಂದು ಕರೆಯುತ್ತಾಳೆ, ಮೀನಿನ ಮುಳ್ಳು ಬಿಡಿಸಿ ಕೊಡುತ್ತಾಳೆ, ಮೊರಾಪ್ ಮಾತಿನಲ್ಲೂ ಪಿಸಿನ್‌ನಲ್ಲೂ ಗಂಟೆಗಟ್ಟಲೆ ಹರಟುತ್ತಾಳೆ. ಅಂಗೋಯ್ ಮಾತು ಎಂದ ಕೂಡಲೇ ಕೆಮ್ಮು ಬರುತ್ತದೆ ಅವಳಿಗೆ. ಕೆಮ್ಮು ಸುಳ್ಳಲ್ಲ, ಮಳೆಗಾಲದಿಂದ ಇದೆ. ಆದರೆ ಇದು ಸರಿಯಾದ ಹೊತ್ತಿಗೇ ಬರುತ್ತದೆ.

"ಅಮ್ಮಾ, ಒಂದೇ ಒಂದು ಮಾತು," ಅಂದರು ಮಿಸ್.

"ಅದು ಈಗ ನನ್ನ ಬಾಯಲ್ಲಿಲ್ಲ ಮಗಳೇ. ಕೆಸುವಿನ ಗೆಡ್ಡೆ ಇದೆ, ತಿಂತೀಯಾ?"

ಮಿಸ್ ತಿಂದರು, ಮತ್ತೆ ಕೇಳಲಿಲ್ಲ. ಸಂಜೆ ನನ್ನ ಹತ್ತಿರ ಹೇಳಿದರು, ಎಷ್ಟೋ ವರ್ಷದ ಹಿಂದೆ ಯಾರೋ ಪಾದ್ರಿ ಬರೆದಿಟ್ಟ ಬೆರಳೆಣಿಕೆಯ ಮಾತು ಬಿಟ್ಟರೆ ಅಂಗೋಯ್ ಮಾತಿನದು ಜಗತ್ತಿನಲ್ಲಿ ಬೇರೆ ಏನೂ ಇಲ್ಲವಂತೆ. ದೊಡ್ಡಮ್ಮನ ಬಾಯೇ ಕೊನೆಯದು. ನಾನು ಹೂಂ ಅಂದೆ.

ದೊಡ್ಡಮ್ಮನ ಬಾಯಿ ಎಂದರೆ ಅಮ್ಮನ ಬಾಯಿಯೂ ಹೌದು ಎಂದು ಆಮೇಲೆ ಹೊಳೆಯಿತು. ಅವರಿಬ್ಬರೇ ಆಡಿಕೊಳ್ಳುತ್ತಿದ್ದದ್ದು. ಸಾಗೊ ಮರದ ತಿರುಳು ಕುಟ್ಟುವಾಗ, ಹಿಟ್ಟು ತೊಳೆಯುವಾಗ. ನಮ್ಮ ಜೊತೆ ಅಮ್ಮ ಅಪ್ಪನ ಊರಿನ ಮಾತನ್ನೇ ಆಡುತ್ತಿದ್ದಳು. ಇಲ್ಲಿ ಹುಟ್ಟಿದ ಮಕ್ಕಳ ಬಾಯಿ ಇಲ್ಲಿಯದಾಗಿರಬೇಕು ಎನ್ನುತ್ತಿದ್ದಳು.

ಜೂನ್ 26

ದೊಡ್ಡಮ್ಮ ಸಂಕಟದಲ್ಲಿದ್ದಾಳೆ, ಹಾವುಮೀನು ಬಿಟ್ಟ ಕಟ್ಟು ಬಿಡಿಸಿದರೆ ಅಂಗೋಯ್ ಮಾತಿಗೂ ಬಾಯಿ ಬಿಡುತ್ತಾಳೆ, ಇದು ಗಾಬ್ರಿಯೆಲ್ ಮಾಮನ ಲೆಕ್ಕ. ಗಂಡಸರೆಲ್ಲ ಹಾವುಮೀನು ಹಿಡಿಯಲು ಹೋಗಿದ್ದಾರೆ. ಬಾಯಿಗೆ ಇಡಬೇಕಾದವಳು ನಾನು. ಎಲ್ಲರ ಎದುರಿಗೆ.

ಜೂನ್ 29

ಇಟ್ಟೆ.

ಇಡೀ ಊರು ಸೇರಿತ್ತು. ಡೋಲು ಬಾರಿಸಿದರು. ಗಾಬ್ರಿಯೆಲ್ ಮಾಮ ಬಹಳ ಹೊತ್ತು ಮಾತಾಡಿದ. ಅಮ್ಮ ಎಷ್ಟು ಒಳ್ಳೆಯವಳು, ದೊಡ್ಡಮ್ಮ ಎಷ್ಟು ಹಟದವಳು, ಮೊರಾಪ್ ಊರು ಎಷ್ಟು ಹಿರಿದು. ನಾನು ತಲೆ ಎತ್ತದೆ ಹಾವುಮೀನಿನ ತುಂಡು ಹಿಡಿದು ನಿಂತಿದ್ದೆ, ಎಣ್ಣೆ ಮೊಣಕೈ ತನಕ ಇಳಿಯಿತು. ದೊಡ್ಡಮ್ಮ ಬಾಯಿ ತೆರೆದಳು. ಇಟ್ಟೆ. ತುಂಬಾ ಹೊತ್ತು ಅಗಿದಳು. ಮಿಸ್ ಪೆಟ್ಟಿಗೆಯನ್ನು ಮುಂದೆ ಚಾಚಿದ್ದರು. ಊರೇ ಬಾಯಿ ನೋಡುತ್ತಿತ್ತು.

ದೊಡ್ಡಮ್ಮ ನುಂಗಿದಳು. ಮೊರಾಪ್ ಮಾತಿನಲ್ಲಿ ಹೇಳಿದಳು:

"ಹೊಗೆ ಸ್ವಲ್ಪ ಜಾಸ್ತಿಯಾಯ್ತು."

ಗಾಬ್ರಿಯೆಲ್ ಮಾಮ ಇನ್ನೊಂದು ತುಂಡು ಇಡು ಎಂದ. ಇಟ್ಟೆ. ಅದನ್ನೂ ತಿಂದಳು. "ಚೆನ್ನಾಗಿದೆ," ಅಂದಳು, ಅದೂ ಮೊರಾಪ್ ಮಾತಿನಲ್ಲೇ. ಆಮೇಲೆ ಊರಿನವರು ಉಳಿದದ್ದನ್ನೆಲ್ಲ ತಿಂದು ಮನೆಗೆ ಹೋದರು.

ಜುಲೈ 2

ದೊಡ್ಡಮ್ಮನ ಜೊತೆ ಸಾಗೊ ಮರ ನೋಡಲು ದೋಣಿಯಲ್ಲಿ ಹೋದೆ. ಹುಟ್ಟು ಹಾಕುವವಳು ನಾನು. ಅವಳು ಮುಂದೆ ಕೂತಿದ್ದಳು, ಬೆನ್ನು ನನಗೆ. ಬೆನ್ನು ಕಾಣುವಾಗ ಮಾತಾಡುವುದು ನನಗೂ ಸುಲಭ.

"ಹಾವುಮೀನು ಇಡೋವಾಗ ನನ್ನ ಕೈ ತಪ್ಪಾಯ್ತಾ ದೊಡ್ಡಮ್ಮ?"

"ನಿನ್ನ ಕೈ ಸರಿಯಾಗೇ ಇತ್ತು. ನಾನು ಹಾವುಮೀನು ಬಿಟ್ಟಿರಲೇ ಇಲ್ಲ ಕೂಸೇ. ಹಲ್ಲು ಹೋದ ಮೇಲೆ ಅದನ್ನ ಯಾವಳು ಅಗೀತಾಳೆ? ನಾನು ತಿನ್ನದೇ ಇದ್ದದ್ದು ನೋಡಿ ಅವರೇ ತೀರ್ಮಾನ ಮಾಡ್ಕೊಂಡ್ರು."

"ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?"

"ಪಾಪ, ಅಷ್ಟೊಂದು ಜನ ನೀರಲ್ಲಿ ನೆನೆದು ಹಿಡಿದು ತಂದಿದ್ರು. ಗಾಬ್ರಿಯೆಲ್ ಬೇರೆ ಅಷ್ಟು ಚೆನ್ನಾಗಿ ಮಾತಾಡ್ತಿದ್ದ. ಮಧ್ಯ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ."

ಆಮೇಲೆ ಹೇಳಿದಳು. ಅವಳು ಬಿಟ್ಟದ್ದು ಅಂಗೋಯ್ ಮಾತನ್ನೇ. ಅಮ್ಮನನ್ನು ಮಣ್ಣು ಮಾಡಿದ ದಿನ ಬಿಟ್ಟಳಂತೆ. ತಂಗಿಗೆ ಹೆಚ್ಚು ಇಷ್ಟವಾದದ್ದು ಅದೇ, ಬಾಳೆಹಣ್ಣಲ್ಲ. ತಿನ್ನುವುದನ್ನು ಬಿಟ್ಟರೆ ಹೊಟ್ಟೆ ನೆನಪಿಸುತ್ತದೆ. ಇದನ್ನು ಬಿಟ್ಟರೆ ಕಿವಿ ನೆನಪಿಸುತ್ತದೆ ಅಂದಳು.

"ಅದನ್ನ ನಿನ್ನ ಬಾಯಿಗೆ ಇಡೋರು ಯಾರು?"

"ನೀನೇ. ಆದ್ರೆ ನಿನ್ನ ಹತ್ರ ಇಲ್ವಲ್ಲ. ಇಲ್ಲದ್ದನ್ನ ಎಲ್ಲಿಂದ ತಂದು ಇಡ್ತೀಯ? ಇರ್ಲಿ ಬಿಡು. ನಾನೂ ಹೋಗಿ ಅವಳ ಹತ್ರಾನೇ ಆಡ್ತೀನಿ." ಕೆಮ್ಮಿದಳು. "ಬಲಕ್ಕೆ ತಿರುಗಿಸೇ, ಮರದ ಬೊಡ್ಡೆ ಇದೆ."

ತಿರುಗಿಸಿದೆ.

ಜುಲೈ 3

ಇಲ್ಲದ್ದನ್ನ ಎಲ್ಲಿಂದ ತಂದು ಇಡ್ತೀಯ.

ಜುಲೈ 5

ದೊಡ್ಡಮ್ಮನನ್ನು ಕೇಳಿಕೊಂಡೇ ಮಿಸ್‌ಗೆ ಹೇಳಿದೆ. ಹೇಳಿಬಿಡು, ಬೆಟ್ಟದ ಮಗಳು ನನ್ನ ಮೇಲೆ ಬೇಜಾರು ಮಾಡ್ಕೊಳ್ಳೋದು ಬೇಡ ಅಂದಳು.

ಮಿಸ್ ಪೆಟ್ಟಿಗೆಯನ್ನು ಚೀಲದೊಳಗೆ ಇಟ್ಟರು. "ನನ್ನ ಕೆಲಸಕ್ಕೋಸ್ಕರ ಅದನ್ನ ಬಿಡಿಸಬಾರದು ಲುಡ್ವಿನಾ. ನಮ್ಮಲ್ಲೂ ನಮ್ಮಜ್ಜಿ ತೀರಿಕೊಂಡಾಗ ನಮ್ಮಪ್ಪ ಹೊಲದ ಒಂದು ಮೂಲೆ ಅಗೆಯೋದೇ ಬಿಟ್ಟರು. ಯಾರೂ ಕೇಳಲಿಲ್ಲ. ನಾನು ಮೂರು ಊರಿನ ಮಾತು ತಗೊಂಡು ಹೋಗ್ತೀನಿ."

ನಾನು ಕೇಳಿದೆ, ಆ ಪಾದ್ರಿ ಬರೆದ ಮಾತುಗಳನ್ನು ನನಗೆ ತೋರಿಸುತ್ತೀರಾ ಎಂದು.

ತೋರಿಸಿದರು. ನೀರು, ಬೆಂಕಿ, ನಾಯಿ, ಇನ್ನೂ ಕೆಲವು. ನಮ್ಮ ಕಮ್ ಅಂಗೋಯ್‌ನಲ್ಲಿ ಕಮು. ನಮ್ಮ ಕಿಪ್ ಅಂಗೋಯ್‌ನಲ್ಲಿ ಕಿಪೊ. ಮಿಸ್ ಮೂರು ಊರಿನ ಮಾತನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು. ನೀರು ನಮಗೆ ಕಮ್, ಸೆಂಬೊದವರಿಗೆ ಹಮ್, ಯಾವಿಟ್‌ನವರಿಗೆ ಬರೀ ಅಮ್. ಬೆಂಕಿಯೂ ಹಾಗೇ. ನಮ್ಮ ಕಕಾರ ಸೆಂಬೊದವರಲ್ಲಿ ಉಸಿರಾಗುತ್ತದೆ, ಕೆರೆಯ ಕಡೆ ಉಸಿರೂ ಹೋಗುತ್ತದೆ. ಸುಮ್ಮಸುಮ್ಮನೆ ಅಲ್ಲ, ಪ್ರತಿ ಸಲವೂ.

"ಅಂಗೋಯ್ ಮಾತಿಗೆ ಒಂದು ಬಾಲ ಇದೆ ನೋಡು," ಅಂದರು. "ಉಳಿದ ಮೂರೂ ಬಾಲ ಕತ್ತರಿಸಿಕೊಂಡಿವೆ."

"ಹಾಗಾದ್ರೆ ನಮ್ಮ ಮಾತಿಗೆ ಬಾಲ ಸೇರಿಸಿದ್ರೆ ಅಂಗೋಯ್ ಮಾತಾಗುತ್ತಾ?"

"ಒಂದೊಂದು ಮಾತಿಗೂ ಒಂದೊಂದು ಬಾಲ. ಯಾವುದಕ್ಕೆ ಯಾವುದು ಅಂತ ನಮಗೆ ಗೊತ್ತಿಲ್ಲ. ನಾವು ಊಹಿಸಿದ್ದನ್ನ ನಾನು ಬರೆದುಕೊಳ್ಳೋ ಹಾಗೂ ಇಲ್ಲ."

ನೀವು ಬರೆದುಕೊಳ್ಳಬೇಡಿ ಅಂದೆ.

ಜುಲೈ 11

ಮಿಸ್ ಜೊತೆ ಸೆಂಬೊಗೂ ಅಲ್ಲಿಂದ ಯಾವಿಟ್‌ಗೂ ಹೋಗಿ ಇವತ್ತು ವಾಪಸ್ಸು ಬಂದೆವು. ಅಪ್ಪ ಕಳಿಸಿದ, ದೋಣಿಯಲ್ಲಿ ಮಿಸ್‌ಗೆ ಹಿಡಿದುಕೊಳ್ಳಲು ಒಂದು ಕೈ ಬೇಕು ಎಂದು. ನಿಜವಾಗಿಯೂ ದಾರಿ ಉದ್ದಕ್ಕೂ ನನ್ನ ಕೈ ಹಿಡಿದೇ ಕೂತಿದ್ದರು. ಒಂದು ಸಲ ಮೊಸಳೆ ಕಂಡಿತು. ಅದು ಮರದ ದಿಮ್ಮಿ ಎಂದು ಹೇಳಿದೆ.

ಯಾವಿಟ್‌ನಲ್ಲಿ ಸಂತೆಯ ದಿನ. ಕೆರೆಯ ಮೀನು ತುಂಬಾ ರುಚಿ, ಸಣ್ಣ ಮುಳ್ಳು ಕಡಿಮೆ. ನಾನು ಹೆಂಗಸರ ಮಧ್ಯೆ ಕೂತು ಹಿರಿಯರನ್ನು ಹಿಡಿದು ಕೇಳಿದೆ, ನಿಮ್ಮ ಅಜ್ಜಿಯ ಕಾಲದಲ್ಲಿ ಸಾಗೊಗೆ ಏನನ್ನುತ್ತಿದ್ದರು, ಅಕ್ಕನಿಗೆ ಏನನ್ನುತ್ತಿದ್ದರು. ಒಬ್ಬ ಮುದುಕಿ ಅಂಗೋಯ್‌ನವರ ಜೊತೆ ಚಿಕ್ಕವಳಾಗಿದ್ದಾಗ ಮೀನು ಬದಲಾಯಿಸಿಕೊಂಡಿದ್ದಳಂತೆ. "ಅವರು ಎಲ್ಲ ಮಾತನ್ನೂ ಎಳೀತಿದ್ರಮ್ಮ, ಬಲೆ ಎಳೆದ ಹಾಗೆ," ಅಂದಳು. ಯಾವ ಮಾತು ಹೇಗೆ ಎಂದು ನೆನಪಿಲ್ಲ.

ಇನ್ನೊಬ್ಬಳು ನನ್ನ ಕಡೆ ನೋಡಿ, "ಮೊರಾಪ್ ಹುಡುಗಿ ಇಷ್ಟು ಮಾತಾಡೋದು ಕೇಳಿದ್ರೆ ಗಂಟಲಿನ ಮುಳ್ಳು ಇಳಿದಿರ್ಬೇಕು," ಅಂದಳು. ನಾನೂ ಏನೋ ಅಂದೆ, ನಿಮ್ಮ ಮೀನಿಗೆ ಮುಳ್ಳೇ ಇಲ್ಲ, ನಿಮ್ಮ ಮಾತಿಗೆ ಮೂಳೆಯೇ ಇಲ್ಲ ಎಂದೋ ಏನೋ. ಎಲ್ಲರೂ ನಕ್ಕರು, ಅವಳು ನನ್ನ ಬುಟ್ಟಿಗೆ ಎರಡು ಮೀನು ಹೆಚ್ಚಿಗೆ ಹಾಕಿದಳು. ಮಿಸ್ ಯಾಕೋ ನನ್ನನ್ನೇ ನೋಡುತ್ತಿದ್ದರು. ಬಿಸಿಲು ಜಾಸ್ತಿಯಾಗಿತ್ತು, ತಲೆಗೆ ಎಲೆ ಹಿಡಿಯಿರಿ ಎಂದೆ.

ಮನೆಗೆ ಬಂದರೆ ದೊಡ್ಡಮ್ಮ ಮಲಗಿದ್ದಾಳೆ. ಮೈ ಸುಡುತ್ತಿದೆ.

ಜುಲೈ 14

ಆರೋಗ್ಯ ಕೇಂದ್ರದ ಹುಡುಗ ಬಂದು ಸೂಜಿ ಚುಚ್ಚಿ ಮಾತ್ರೆ ಕೊಟ್ಟು ಹೋದ. ಎದೆಯಲ್ಲಿ ನೀರಿದ್ದ ಹಾಗಿದೆ ಅಂದ. ಅವಳು ಗಂಜಿ ಬೇಡ ಅನ್ನುತ್ತಾಳೆ. ಕಣ್ಣು ತೆರೆದರೆ ಸೂರು ನೋಡುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಬಂದರೂ ಯಾವ ಮಾತಿನಲ್ಲಿ ಬರಬೇಕೋ ಅದನ್ನು ಹಲ್ಲಿಲ್ಲದ ವಸಡಿನಲ್ಲಿ ಕಚ್ಚಿ ಹಿಡಿದಿದ್ದಾಳೆ.

ಜುಲೈ 15

ದೋಣಿಯಲ್ಲಿ ಒಬ್ಬಳೇ ಹೋಗಿ ನದಿಯ ಮಧ್ಯೆ ಕೂತೆ. ಕಮು, ಕಿಪೊ ಎಂದು ಹೇಳಿಕೊಂಡೆ. ಸಾಗೊ ನಮ್ಮಲ್ಲಿ ನಕ್. ನಕಿ, ನಕೆ, ನಕು. ಎಲ್ಲವೂ ಸರಿ ಅನ್ನಿಸುತ್ತದೆ, ಎಲ್ಲವೂ ತಪ್ಪು ಅನ್ನಿಸುತ್ತದೆ. ಅಮ್ಮ ಹಿಟ್ಟು ತೊಳೆಯುವಾಗ ನಾನು ಮರದ ನೆರಳಲ್ಲಿ ಮಲಗಿರುತ್ತಿದ್ದೆ. ಅವರಿಬ್ಬರ ಮಾತು ಕೇಳುತ್ತಾ ನಿದ್ದೆ ಬರುತ್ತಿತ್ತು. ಅರ್ಥವಾಗಬೇಕು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಮಳೆಯ ಸದ್ದಿಗೆ ಅರ್ಥ ಕೇಳುತ್ತೇವೆಯೇ.

ಮಿಸ್ ಹತ್ತಿರ ಕೇಳಿದೆ, ತಪ್ಪು ಮಾತು ಬಾಯಿಗೆ ಇಟ್ಟರೆ ಏನಾಗುತ್ತದೆ?

"ಅದು ನಿಮ್ಮ ಕಟ್ಟಳೆ, ನನಗೆ ಗೊತ್ತಿಲ್ಲ," ಅಂದರು. ಆಮೇಲೆ, "ಉಪ್ಪು ಕಮ್ಮಿಯಾದ ಊಟವನ್ನೂ ಬಾಯಿಗೆ ಇಟ್ಟರೆ ಊಟವೇ ಅಲ್ವಾ?"

ಜುಲೈ 16

ಬೆಳಿಗ್ಗೆ ಎದ್ದ ತಕ್ಷಣ ದೊಡ್ಡಮ್ಮನ ಹತ್ತಿರ ಹೋದೆ. ಅಪ್ಪ ಮತ್ತು ಮಿಸ್ ಬರಲಿಲ್ಲ, ಚರ್ಚಿನ ಹತ್ತಿರ ಕೂತಿದ್ದರಂತೆ. ಪೆಟ್ಟಿಗೆಯೂ ಇರಲಿಲ್ಲ. ದೊಡ್ಡಮ್ಮನನ್ನು ಜಗುಲಿಗೆ ತಂದು ಗೋಡೆಗೆ ಒರಗಿಸಿದೆ. ಅವಳ ತೂಕ ಒಂದು ಚೀಲ ಒಣ ಎಲೆಯಷ್ಟು.

ತೆಂಗಿನ ಚಿಪ್ಪಿನಲ್ಲಿ ನೀರು ತಂದಿದ್ದೆ. ಒಂದು ಅಂಗೈಯಲ್ಲಿ ಸ್ವಲ್ಪ ಹಾಕಿಕೊಂಡು ಅವಳ ಬಾಯಿಯ ಹತ್ತಿರ ಹಿಡಿದೆ. ಬಾಯಾರಿರಬೇಕು, ತುಟಿ ತೆರೆದಳು. ನೀರು ಒಳಗೆ ಹೋಗುವಾಗ ನಾನು ಹೇಳಿದೆ, "ಕಮು."

ಅವಳು ನುಂಗಲಿಲ್ಲ. ನೀರನ್ನು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದಳು. ಎದ್ದು ಓಡಿಹೋಗಬೇಕು ಅನ್ನಿಸಿತು, ಆದರೆ ಒಂದು ಕೈ ಅವಳ ಬೆನ್ನ ಹಿಂದೆ ಇತ್ತು, ಬಿಟ್ಟರೆ ಬೀಳುತ್ತಾಳೆ. ಆಮೇಲೆ ಅವಳ ಗಂಟಲು ಅಲ್ಲಾಡಿತು. ನುಂಗಿದಳು.

ಸಾಗೊ ಮುದ್ದೆಯಿಂದ ಚೂರು ಮುರಿದು ಇಟ್ಟೆ. "ನಕಿ."

ಅಗಿಯದೆ ನಾಲಿಗೆಯಲ್ಲೇ ಕರಗಿಸಿದಳು. ಕಣ್ಣು ನನ್ನ ಮೇಲೇ ಇತ್ತು.

ಇನ್ನೂ ಏನೇನೋ ತಂದಿದ್ದೆ, ಕೆಸು, ಉಪ್ಪು, ಮೀನಿನ ಚೂರು. ಅವನ್ನೆಲ್ಲ ಪಕ್ಕಕ್ಕೆ ಇಟ್ಟೆ. ಬರಿಗೈಯನ್ನೇ ಅವಳ ತುಟಿಯ ಮೇಲಿಟ್ಟೆ. ಅಕ್ಕನಿಗೆ ನಾವು ಯಾಟ್ ಅನ್ನುತ್ತೇವೆ. ಪಾದ್ರಿ ಬರೆದದ್ದರಲ್ಲಿ ಆ ಮಾತು ಇಲ್ಲ. ಊಹಿಸಲೂ ಇಲ್ಲ ನಾನು. ಅದು ಬಂತು. ನದಿಯ ಆಚೆ ದಡದಿಂದ ಅಮ್ಮ ಕೂಗುತ್ತಿದ್ದ ಹಾಗೆ, ಕೊನೆಯಲ್ಲಿ ಎಳೆದು, ನನ್ನ ದನಿಯಲ್ಲಿ ಬಂತು.

"ಯಾಟಾಯೇ."

ದೊಡ್ಡಮ್ಮ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡಳು. ಅಂಗೈ ಒದ್ದೆಯಾಯಿತು. ಹಾಗೆ ಒತ್ತಿಕೊಂಡೇ ಮಾತಾಡತೊಡಗಿದಳು. ಬೆರಳ ಸಂದಿಯಿಂದ ಮಾತು ಬಿಸಿಯಾಗಿ ಬರುತ್ತಿತ್ತು. ಎಷ್ಟೋ ಹೊತ್ತು. ನನಗೆ ಅಲ್ಲೊಂದು ಇಲ್ಲೊಂದು ತಿಳಿಯಿತು, ಮಳೆ, ದೋಣಿ, ಅಮ್ಮನ ಹೆಸರು. ಅಮ್ಮನನ್ನು ಬೈಯುತ್ತಿದ್ದಳು ಅನ್ನಿಸುತ್ತದೆ, ತನಗಿಂತ ಮೊದಲು ಹೋದದ್ದಕ್ಕೆ.

ಕೊನೆಗೆ ಮುಖ ಒರೆಸಿಕೊಂಡು ಮೊರಾಪ್ ಮಾತಿಗೆ ಬಂದಳು.

"ನಕಿ ಅಲ್ಲ ಕಣೇ, ನಕಾ. ಅಂಗೋಯ್‌ನಲ್ಲಿ ಯಾರಾದ್ರೂ ಕೇಳಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರು."

"ಅಲ್ಲಿ ಯಾರೂ ಇಲ್ವಲ್ಲ ದೊಡ್ಡಮ್ಮ."

"ಅದಕ್ಕೇ ಅವರ ಪಾಲಿಂದೂ ನಾನೇ ನಗ್ತಿದ್ದೀನಿ."

ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಗಂಜಿ ಕೊಡು ಅಂದಳು.

ಜುಲೈ 18

ದೊಡ್ಡಮ್ಮ ನನ್ನ ಬಾಯಿಗೆ ಬಾಳೆಹಣ್ಣು ಇಟ್ಟಳು. ನಾನು ಅಪ್ಪನ ಬಾಯಿಗೆ ಅಡಿಕೆ ಇಟ್ಟೆ. ಅಪ್ಪ ಅಗಿಯುತ್ತಾ ಅಳುತ್ತಿದ್ದ, ಸುಣ್ಣ ಜಾಸ್ತಿಯಾಯಿತು ಎಂದ.

ಜುಲೈ 23

ಜ್ವರ ಇಳಿದಿದೆ. ಕೆಮ್ಮು ಹಾಗೇ ಇದೆ. ಹುಡುಗ ಬಂದು ನೋಡಿ, ಇನ್ನು ಇದು ಇದ್ದೇ ಇರುತ್ತದೆ, ಹೊಗೆಯ ಹತ್ತಿರ ಕೂರಬೇಡಿ ಅಂದ. ಅವಳು ಒಲೆಯ ಹತ್ತಿರವೇ ಕೂರುತ್ತಾಳೆ.

ಮೊನ್ನೆ ಮಿಸ್ ಅಂಗೋಯ್ ಮಾತು ಬರೆದುಕೊಳ್ಳಲು ಅನುಮತಿ ಕೇಳಿದರು. "ಇದರಲ್ಲಿ ನನ್ನ ತಂಗಿ ಪಾಲೂ ಇದೆ," ಅಂದಳು ದೊಡ್ಡಮ್ಮ, "ಇವಳು ಹೂಂ ಅಂದ್ರೆ ನಿನ್ನ ಪೆಟ್ಟಿಗೆಗೂ ಹಾಕ್ತೀನಿ ಬೆಟ್ಟದ ಮಗಳೇ." ನಾನು ಹೂಂ ಅಂದೆ. ಅವತ್ತಿನಿಂದ ಪೆಟ್ಟಿಗೆಗೆ ಬಿಡುವಿಲ್ಲ. ಮೀನಿನ ಹೆಸರು, ಗಾಳಿಯ ಹೆಸರು, ಬೈಗುಳ. ಬೈಗುಳ ಹೇಳುವಾಗ ಅಪ್ಪನನ್ನು ಕೆಳಗೆ ಕಳಿಸುತ್ತಾಳೆ. ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲಿ ಕೇಳಿದ್ದೆಲ್ಲ ನನಗೆ ಒಂದೊಂದಾಗಿ ತಿಳಿಯುತ್ತಿದೆ, ಮಿಸ್ ಪಿಸಿನ್‌ನಲ್ಲಿ ಏನು ಎಂದು ಕೇಳಿದಾಗ ನಾನು ಹೇಳುತ್ತೇನೆ. ಬೆಳಗಿನಿಂದ ಸಂಜೆಯ ತನಕ ಹೇಳಿ ಹೇಳಿ ಗಂಟಲು ಕಟ್ಟಿದೆ. ಬರೆಯಲು ಹೊತ್ತೇ ಸಿಗುತ್ತಿಲ್ಲ.

ಜುಲೈ 28

ಮಿಸ್ ಇವತ್ತು ಎಲ್ಲರನ್ನೂ ದಡಕ್ಕೆ ಕರೆದು, ಒದ್ದೆ ಮರಳಿನಲ್ಲಿ ಕೋಲಿನಿಂದ ಗೆರೆ ಎಳೆದರು. ಮೊರಾಪ್, ಸೆಂಬೊ, ಯಾವಿಟ್ ಮೂರೂ ಒಂದೇ ಕವಲಿನಿಂದ ಒಡೆದವು. ಮೂವರೂ ಬಾಲ ಬಿಟ್ಟದ್ದು ಬೇರೆ ಬೇರೆ ಅಲ್ಲ, ಒಂದೇ ಮನೆಯಲ್ಲಿದ್ದಾಗ. ಅಂದರೆ ಅವರ ತಾಯಿಯೇ ಬಿಟ್ಟಿದ್ದಳು. ಅಂಗೋಯ್ ಅದಕ್ಕೂ ಮೊದಲೇ ಬೇರೆಯಾಗಿ ಬಾಲ ಉಳಿಸಿಕೊಂಡಿತು.

ಗಾಬ್ರಿಯೆಲ್ ಮಾಮ ಮರಳನ್ನೇ ನೋಡುತ್ತಿದ್ದ. "ಅಂದ್ರೆ ಅಂಗೋಯ್ ನಮಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ?"

"ನಿಮ್ಮ ತಾಯಿಯ ಒಡಹುಟ್ಟಿದವಳು."

"ದೊಡ್ಡಮ್ಮನೋ ಚಿಕ್ಕಮ್ಮನೋ?"

"ಅದನ್ನ ನಾನು ಹೇಳೋಕೆ ಆಗಲ್ಲ. ಯಾರು ಮೊದಲು ಹುಟ್ಟಿದ್ದು ಅಂತ ಮಾತಿನಲ್ಲಿ ಉಳಿಯಲ್ಲ. ನಿಮ್ಮ ಮೂವರಲ್ಲೂ ಅಷ್ಟೇ, ಹಿರಿಯರು ಯಾರೂ ಇಲ್ಲ."

ಸೆಂಬೊದ ಅಳಿಯ ಕುಣಿದೇಬಿಟ್ಟ. ಗಾಬ್ರಿಯೆಲ್ ಮಾಮನ ಮುಖ ಸಣ್ಣದಾಯಿತು. "ಹಂದಿ ತಲೆ ಮತ್ತೆ?"

"ಚಿಕ್ಕಮ್ಮ ಅಂದ್ರೆ ನಾನು ಒಪ್ಪಲ್ಲ, ದೊಡ್ಡಮ್ಮ ಅಂತಲೇ ಇಟ್ಕೊಳ್ಳಿ," ಅಂದಳು ನಮ್ಮ ದೊಡ್ಡಮ್ಮ ಜಗುಲಿಯಿಂದ. "ತಲೆ ನನಗೇ ಸಲ್ಲಬೇಕು. ಅಗಿಯೋಕಾಗಲ್ಲ, ಗಾಬ್ರಿಯೆಲ್‌ಗೆ ಕೊಟ್ಟಿದ್ದೀನಿ. ಹೋಗ್ರೋ ಎಲ್ಲ."

ಮಾಮ ಅವಳ ಎರಡೂ ಕೈ ಹಿಡಿದು ಕುಲುಕಿ ಬಂದ. ಆಮೇಲೆ ನೀರು ಏರಿ ಗೆರೆಗಳನ್ನು ಅಳಿಸಿತು.

ಜುಲೈ 31

ಮಿಸ್ ಹೊರಟರು. ಮೋಟರ್ ದೋಣಿ ಬೆಳಿಗ್ಗೆಯೇ ಬಂದು ಕಾಯುತ್ತಿತ್ತು. ನಾನು ದಾರಿಗೆಂದು ಸಾಗೊ ರೊಟ್ಟಿ, ಮೀನು ಎಲೆಯಲ್ಲಿ ಕಟ್ಟುತ್ತಿದ್ದೆ. ಮಿಸ್ ದೊಡ್ಡಮ್ಮನ ಪಕ್ಕ ಕೂತು, ಕೊನೆಯದಾಗಿ ಒಂದು ಕೇಳಬೇಕಿತ್ತು ಅಮ್ಮಾ, ಅಂಗೋಯ್ ಮಾತು ಆಡುವವರು ಎಷ್ಟು ಜನ ಅಂತ ಹೇಳಲಿ, ಎಂದರು. ಕೇಳುವಾಗ ಅವರ ದನಿ ಸಣ್ಣದಾಗಿತ್ತು. ಒಬ್ಬರು ಅನ್ನುವ ಉತ್ತರವನ್ನು ದೊಡ್ಡಮ್ಮನ ಬಾಯಿಂದಲೇ ಹೇಳಿಸಬೇಕಲ್ಲ ಎಂದು ಇರಬೇಕು.

"ಇಬ್ಬರು," ಅಂದಳು ದೊಡ್ಡಮ್ಮ.

ನನಗೆ ಆಶ್ಚರ್ಯವಾಯಿತು. ಕಟ್ಟುತ್ತಿದ್ದ ದಾರ ಹಲ್ಲಲ್ಲಿ ಹಿಡಿದೇ ಕೇಳಿದೆ, ಇನ್ನೊಬ್ಬರು ಯಾರು ದೊಡ್ಡಮ್ಮ, ಕೆರೆಯ ಕಡೆ ಯಾರಾದರೂ ಉಳಿದಿದ್ದಾರಾ, ನೀನು ನನಗೆ ಹೇಳಲೇ ಇಲ್ಲ.

ಮಿಸ್ ನನ್ನ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು.

"ಯಾಕೆ ಮಿಸ್?"

"ನೀನು ಈಗ ಕೇಳಿದ್ದು ನನಗೆ ಪೂರ್ತಿ ಅರ್ಥ ಆಗಲಿಲ್ಲ ಲುಡ್ವಿನಾ. ಮೊರಾಪ್ ಮಾತಲ್ಲಿ ಕೇಳಿದ್ದರೆ ಇಷ್ಟು ದಿನಕ್ಕೆ ನನಗೆ ಆಗ್ತಿತ್ತು."

ಹೌದಾ ಎಂದೆ.

"ಬರ್ಕೊಳೇ ಮಗಳೇ, ಇಬ್ಬರು ಅಂತ ಬರ್ಕೊ," ಅಂದಳು ದೊಡ್ಡಮ್ಮ. "ಒಬ್ಬಳಿಗೆ ಇನ್ನೂ ಬಾಲ ನೆಟ್ಟಗೆ ನಿಂತಿಲ್ಲ ಅಂತ ಬೇಕಾದ್ರೆ ಪಕ್ಕದಲ್ಲಿ ಹಾಕು."

ದೋಣಿ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದೆ. ಆಮೇಲೆ ಬಂದು ಇಷ್ಟು ಬರೆದೆ. ಇನ್ನೂ ಬರೆಯಬೇಕಿತ್ತು. ಆದರೆ ದೊಡ್ಡಮ್ಮ ಜಗುಲಿಯಿಂದ ಕೂಗುತ್ತಿದ್ದಾಳೆ, ಸೌದೆ ಹಸಿ ಇದೆಯಂತೆ, ಒಲೆ ಹತ್ತುತ್ತಿಲ್ಲವಂತೆ, ನಾನು ಎಲ್ಲಿ ಸತ್ತೆನಂತೆ. ಬಂದೆ ಎಂದಿದ್ದೇನೆ. ಹೋಗಬೇಕು.